ಸಭೆಯಲ್ಲಿ ಉಳಿದವರು

ಮತಾಂತರದ ಬಗ್ಗೆ ಮಾತಾಡೋರು ನಮ್ಮಲ್ಲಿ ಬೇಕಾದಷ್ಟು ಜನ ಇದ್ದಾರೆ. ಹೊಲಗೇರಿಯ ಒಬ್ಬ ತಲೆಗೆ ನೀರು ಹಾಕಿಸಿಕೊಂಡ ಅಂದರೆ ಮಠದವರು ಬರ್ತಾರೆ, ಪೇಪರಿನವರು ಬರ್ತಾರೆ, ಪೊಲೀಸಿನವರೂ ಬರ್ತಾರೆ. ಹಿಂದೆ ಮಿಷನ್ನಿನವರೂ ಆ ದಿನವನ್ನೇ ದಪ್ಪಕ್ಷರದಲ್ಲಿ ಬರೆದು ಲಂಡನ್ನಿಗೆ ಕಳಿಸುತ್ತಿದ್ದರು. ಅದರ ಮಾರನೆಯ ದಿನ ಏನಾಯಿತು? ಅದರ ಮುಂದಿನ ನಲವತ್ತು ವರ್ಷ ಏನಾಯಿತು? ಸೋಮವಾರದಿಂದ ಶನಿವಾರದವರೆಗೆ ಗೌಡರ ಹೊಲದಲ್ಲಿ ಬೆನ್ನು ಬಗ್ಗಿಸಿ, ಭಾನುವಾರ ಬೆಳಿಗ್ಗೆ ಮೈ ತೊಳಕೊಂಡು ಮೂರು ಮೈಲಿ ನಡೆದು ಬಂದು ಕೂತು, ಹಾಡಿ, ಚಂದಾ ಕೊಟ್ಟು, ಮತ್ತೆ ನಡೆದು ಹೋದವರ ಕತೆಯನ್ನು ಯಾರೂ ಮನಸ್ಸಿಟ್ಟು ಬರೆಯಲಿಲ್ಲ. ಸೇರಿದ್ದು ಒಂದು ದಿನದ ಕೆಲಸ. ಉಳಿದದ್ದು ಜೀವಮಾನದ ಕೆಲಸ. ನಾವು ಇಲ್ಲಿ ಬರೆಯ ಹೊರಟಿರುವುದು ತುಮಕೂರು, ಗುಬ್ಬಿ, ಕುಣಿಗಲ್ ಸೀಮೆಯಲ್ಲಿ ಹೀಗೆ ಉಳಿದವರ ವಿಚಾರ. ನಮ್ಮಲ್ಲಿ ಕೆಲವರು ಸಭೆಯ ಒಳಗಿದ್ದಾರೆ, ಕೆಲವರು ಹೊರಗಿದ್ದಾರೆ. ಕೇರಿ ಮಾತ್ರ ಒಂದೇ.

ಮೊದಲಿಗೆ ಒಂದು ಮಾತು. ಚರ್ಚು ಅಂದರೆ ಕಟ್ಟಡ ಅಂತ ಊರಿನವರು ತಿಳಿದಿದ್ದಾರೆ. ತುಮಕೂರಿನ ಚರ್ಚ್ ಸರ್ಕಲ್ಲಿನಲ್ಲಿ ಬಸ್ಸಿಗೆ ಕಾಯೋ ಜನಕ್ಕೆ ಅದು ಒಂದು ಗುರುತು, ಅಷ್ಟೆ. ಒಳಗಿನವರು ಕಟ್ಟಡಕ್ಕೆ ದೇವಾಲಯ ಅಂತಾರೆ, ಜನಕ್ಕೆ ಸಭೆ ಅಂತಾರೆ. ಕಟ್ಟಡ ಬಿಳಿಯರ ದುಡ್ಡಿನಿಂದ ಎದ್ದಿರಬಹುದು. ಸಭೆ ಎದ್ದದ್ದು ಯಾರಿಂದ ಅನ್ನೋದೇ ನಮ್ಮ ಪ್ರಶ್ನೆ.

ಈ ಸೀಮೆಗೆ ಬಂದವರು ವೆಸ್ಲಿಯನ್ ಮೆಥಡಿಸ್ಟರು. 1837ರಲ್ಲಿ ಥಾಮಸ್ ಹಾಡ್ಸನ್ ಗುಬ್ಬಿಯಲ್ಲಿ ಮಿಷನ್ ಶುರು ಮಾಡಿದ. 1839ರಲ್ಲಿ ವಿಲಿಯಂ ಆರ್ಥರ್ ಅನ್ನೋ ಇಪ್ಪತ್ತರ ಹರೆಯದ ಐರಿಷ್ ಹುಡುಗ ಬಂದು ಅವನ ಜೊತೆಗೂಡಿದ. ಕಣ್ಣು ಕೆಟ್ಟು 1841ರಲ್ಲಿ ವಾಪಸು ಹೋದ. ಹೋಗಿ 1847ರಲ್ಲಿ ‘ಎ ಮಿಷನ್ ಟು ದ ಮೈಸೂರ್’ ಅಂತ ಪುಸ್ತಕ ಬರೆದ. ಹಾಡ್ಸನ್ ಬಹಳ ಕಾಲ ಇದ್ದು ಕನ್ನಡ ಕಲಿತು, 1859ರಲ್ಲಿ ಕನ್ನಡಕ್ಕೆ ಒಂದು ವ್ಯಾಕರಣವನ್ನೂ ಬರೆದ. ನಾಟಕದ ಗುಬ್ಬಿ ಎಲ್ಲರಿಗೂ ಗೊತ್ತು. ವೀರಣ್ಣನವರ ಕಂಪನಿ ಹುಟ್ಟುವ ಮೊದಲೇ ಗುಬ್ಬಿಯ ಹೆಸರು ಲಂಡನ್ನಿನ ಮಿಷನ್ ವರದಿಗಳಲ್ಲಿ ಅಚ್ಚಾಗಿತ್ತು ಅನ್ನೋದು ಗುಬ್ಬಿಯವರಿಗೇ ಅಷ್ಟಾಗಿ ತಿಳಿದಿಲ್ಲ.

ಗುಬ್ಬಿ ಯಾಕೆ? ಅಲ್ಲಿ ದೊಡ್ಡ ಸಂತೆ ಇತ್ತು. ಸುತ್ತಲ ಹಳ್ಳಿಗಳ ಜನ, ಅಡಕೆ ವ್ಯಾಪಾರದವರು, ಬಟ್ಟೆ ವ್ಯಾಪಾರದವರು ಸೇರುತ್ತಿದ್ದರು. ಸಂತೆಯಲ್ಲಿ ನಿಂತು ಸುವಾರ್ತೆ ಹೇಳೋದು, ಪೇಟೆಯ ಜನರ ಜೊತೆ ವಾದಕ್ಕೆ ಕೂರೋದು, ಕನ್ನಡ ಶಾಲೆ ತೆರೆಯೋದು, ಇದು ಅವರ ಕೆಲಸ. ಮೇಲ್ಜಾತಿಯ ಒಬ್ಬ ಬಂದರೆ ಊರೇ ಬರ್ತದೆ ಅನ್ನೋ ಲೆಕ್ಕಾಚಾರ ಆ ಕಾಲದ ಎಷ್ಟೋ ಮಿಷನ್ನುಗಳಲ್ಲಿತ್ತು. ಊರು ಬರಲಿಲ್ಲ. ಎಷ್ಟೋ ವರ್ಷ ದುಡಿದರೂ ಸಭೆಗೆ ಬಂದವರು ಬೆರಳೆಣಿಕೆಯ ಜನ. ಸಂತೆ ಮಾಳದಲ್ಲಿ ವಾದ ನಡೀತಿದ್ದಾಗ ದೂರದಲ್ಲಿ ಸೌದೆ ಹೊರೆ ಇಳಿಸಿ ನಿಂತಿದ್ದ ನಮ್ಮವರ ಕಡೆಗೆ ಮಿಷನ್ನಿನ ಕಣ್ಣು ಹೊರಳೋದಕ್ಕೆ ಬಹಳ ಕಾಲ ಬೇಕಾಯಿತು. ಇದನ್ನು ಹೇಳದೆ ಬಿಟ್ಟರೆ ಬಿಳಿಯರು ಬಂದದ್ದೇ ದಲಿತರನ್ನು ಉದ್ಧಾರ ಮಾಡೋದಕ್ಕೆ ಅನ್ನೋ ಸುಳ್ಳಿಗೆ ನಾವೂ ಸಾಕ್ಷಿಯಾಗ್ತೇವೆ.

ಹಾಡ್ಸನ್ 1877ರಲ್ಲಿ ‘ಓಲ್ಡ್ ಡೇನಿಯಲ್’ ಅನ್ನೋ ಸಣ್ಣ ಪುಸ್ತಕ ತಂದ. ಗುಬ್ಬಿ ಸರ್ಕೀಟಿನಲ್ಲಿ ಕ್ರೈಸ್ತನಾದ ಒಬ್ಬ ಮನುಷ್ಯನ ಕತೆ, ಜೊತೆಗೆ ಹಳ್ಳಿಯ ಬದುಕಿನ ವರ್ಣನೆ. ನಮಗೆ ಆ ಪುಸ್ತಕದಲ್ಲಿ ಮುಖ್ಯ ಅನ್ನಿಸೋದು ಅದರ ಹೆಸರಿನಲ್ಲಿರುವ ‘ಮುದುಕ’ ಅನ್ನೋ ಮಾತು. ಅಂದರೆ ಒಬ್ಬ ಮನುಷ್ಯ ಸೇರಿದ ಅಷ್ಟೇ ಅಲ್ಲ, ಕೂದಲು ನೆರೆಯುವವರೆಗೆ ಉಳಿದ. ಮಿಷನ್ನಿಗೂ ಕೊನೆಗೆ ಹೇಳಿಕೊಳ್ಳೋದಕ್ಕೆ ಸಿಕ್ಕಿದ್ದು ಉಳಿದ ಒಬ್ಬನ ಕತೆಯೇ.

ಉಳಿಸಿಕೊಳ್ಳೋದಕ್ಕೆ ಮೆಥಡಿಸ್ಟರ ಹತ್ತಿರ ಒಂದು ಯಂತ್ರ ಇತ್ತು. ಅದರ ಹೆಸರು ಕ್ಲಾಸು. ಶಾಲೆಯ ಕ್ಲಾಸಲ್ಲ. 1742ರಲ್ಲಿ ಇಂಗ್ಲೆಂಡಿನ ಬ್ರಿಸ್ಟಲ್ ಊರಲ್ಲಿ ಜಾನ್ ವೆಸ್ಲಿಯ ಜನ ತಮ್ಮ ಪ್ರಾರ್ಥನಾ ಮಂದಿರದ ಸಾಲ ತೀರಿಸೋದಕ್ಕೆ ದಾರಿ ಹುಡುಕುತ್ತಿದ್ದರು. ಹನ್ನೆರಡು ಜನರ ಒಂದೊಂದು ಗುಂಪು ಮಾಡಿ, ಒಬ್ಬೊಬ್ಬರಿಂದ ವಾರಕ್ಕೆ ಒಂದು ಪೆನ್ನಿ ವಸೂಲಿ ಮಾಡೋದು ಅಂತಾಯಿತು. ವಸೂಲಿಗೆ ಹೋದ ಮುಖಂಡನಿಗೆ ಮನೆ ಮನೆಯ ಕಷ್ಟಸುಖ ಕಾಣಿಸಿತು. ಕುಡಿತ ಕಂಡಿತು, ಜಗಳ ಕಂಡಿತು, ಹಸಿವೂ ಕಂಡಿತು. ಸಾಲಕ್ಕೆ ಮಾಡಿದ ಏರ್ಪಾಟು ಆಮೇಲೆ ವಾರವಾರ ಕೂತು ಒಬ್ಬರನ್ನೊಬ್ಬರು ವಿಚಾರಿಸಿಕೊಳ್ಳುವ ಕೂಟವಾಯಿತು. ಮೂರು ತಿಂಗಳಿಗೊಮ್ಮೆ ಒಂದು ಟಿಕೆಟ್ಟು, ಅದರ ಮೇಲೆ ಒಂದು ವಚನ, ಸದಸ್ಯನ ಹೆಸರು. ನಡತೆ ಸರಿಯಿಲ್ಲ, ಕೂಟಕ್ಕೆ ಬರಲಿಲ್ಲ ಅಂದರೆ ಮುಂದಿನ ಟಿಕೆಟ್ಟಿಲ್ಲ.

ಇದೇ ಏರ್ಪಾಟು ಹಡಗು ಹತ್ತಿ ಮಿಷನ್ನಿನ ಜೊತೆ ಹೊರದೇಶಗಳಿಗೆಲ್ಲ ಹೋಯಿತು, ಮೈಸೂರು ಸೀಮೆಗೂ ಬಂತು. ಪೂರ್ಣ ಸದಸ್ಯರು ಇಷ್ಟು, ಇನ್ನೂ ಪರೀಕ್ಷೆಯಲ್ಲಿರುವವರು ಇಷ್ಟು ಅಂತ ವರ್ಷವರ್ಷ ಬೇರೆ ಬೇರೆ ಕಾಲಮ್ಮಿನಲ್ಲಿ ಎಣಿಸಿ ಬರೆಯುತ್ತಿದ್ದರು. ನೋಡಿ, ನಮ್ಮವರು ಅಕ್ಷರ ಕಲಿಯುವ ಮೊದಲೇ ಅಕ್ಷರಗಳ ಒಳಗೆ ಹೋಗಿ ಕೂತರು, ಅಂಕಿಗಳಾಗಿ.

ಈ ಯಂತ್ರವನ್ನು ನಾವು ಎರಡು ಕಡೆಯಿಂದಲೂ ನೋಡಬೇಕು. ಕಾವಲಿನ ಕಣ್ಣು ಅದರಲ್ಲಿತ್ತು. ಜೀತದಲ್ಲಿದ್ದವನು ವಾರದ ಕೂಟಕ್ಕೆ ಹೇಗೆ ಬಂದಾನು? ಅವನ ಭಾನುವಾರ ಅವನದಲ್ಲ, ಅವನ ಧಣಿಯದು. ಜೀತ ವಿಮುಕ್ತಿಯ ಕಾಯ್ದೆ ಬಂದದ್ದೇ 1976ರಲ್ಲಿ. ಅಲ್ಲಿಯವರೆಗೆ ‘ಕ್ರಮವಾಗಿ ಬರುತ್ತಿಲ್ಲ’ ಅನ್ನೋ ಷರಾ ಬರೆಯುವವರಿಗೆ ಆ ಬಾರದಿರುವಿಕೆಯ ಹಿಂದೆ ಇದ್ದ ಸಾಲದ ಪತ್ರ ಕಾಣುತ್ತಿತ್ತೋ ಇಲ್ಲವೋ. ಇನ್ನೊಂದು ಕಡೆಯಿಂದ ನೋಡಿದರೆ, ಹೊಲೆಯನನ್ನೋ ಮಾದಿಗನನ್ನೋ ವಾರಕ್ಕೊಮ್ಮೆ ಜೊತೆಯಲ್ಲಿ ಕೂರಿಸಿಕೊಂಡು ‘ನಿನ್ನ ಮನಸ್ಸು ಹೇಗಿದೆಯಪ್ಪಾ’ ಅಂತ ಕೇಳುವ ಏರ್ಪಾಟು ಊರಲ್ಲಿ ಬೇರೆ ಎಲ್ಲಿತ್ತು? ಅವನಿಗೆ ಕೈಕಾಲು ಇದೆ ಅಂತ ಊರಿಗೆ ಗೊತ್ತಿತ್ತು. ಮನಸ್ಸೂ ಇದೆ ಅಂತ ಒಂದು ಟಿಕೆಟ್ಟಿನಲ್ಲಿ ಬರೆದು ಕೊಟ್ಟರಲ್ಲ, ಅದು ಸಣ್ಣ ಮಾತಲ್ಲ.

ತುಮಕೂರಿನ ಕತೆ ಬೇರೆ. ಅಲ್ಲಿ ಸಭೆಯನ್ನು ಬೆಳೆಸಿದ್ದು ಉಪದೇಶಕ್ಕಿಂತ ಹೆಚ್ಚಾಗಿ ಬರ. ಧಾತು ಈಶ್ವರ ಸಂವತ್ಸರದ ಬರ ಅಂತ ನಮ್ಮ ಮುದುಕರು ಹೇಳುತ್ತಿದ್ದರಲ್ಲ, 1876ರಿಂದ 78ರವರೆಗಿನ ಆ ಬರ. 1871ರ ಜನಗಣತಿಯಲ್ಲಿ ಮೈಸೂರು ಸಂಸ್ಥಾನದಲ್ಲಿ 50 ಲಕ್ಷ 55 ಸಾವಿರ ಜನ. 1881ರಲ್ಲಿ 41 ಲಕ್ಷ 86 ಸಾವಿರ. ಹತ್ತು ವರ್ಷದಲ್ಲಿ ಹುಟ್ಟಿದವರನ್ನೆಲ್ಲ ಸೇರಿಸಿಯೂ ಎಂಟೂವರೆ ಲಕ್ಷಕ್ಕಿಂತ ಹೆಚ್ಚು ಜನ ಕಡಿಮೆ. ಮೊದಲು ಸತ್ತವರು ಯಾರು ಅಂತ ಬಿಡಿಸಿ ಹೇಳಬೇಕಾಗಿಲ್ಲ. ಭೂಮಿ ಇಲ್ಲದವರು, ಕಣಜ ಇಲ್ಲದವರು, ಊರ ಬಾವಿ ಇಲ್ಲದವರು.

ಬರ ಉಳಿಸಿದ ಮಕ್ಕಳಿಗೆ ವೆಸ್ಲಿಯನ್ನರು ಅನಾಥಾಲಯ ತೆರೆದರು. ಗಂಡು ಮಕ್ಕಳಿಗೆ ತುಮಕೂರು, ಹೆಣ್ಣು ಮಕ್ಕಳಿಗೆ ಹಾಸನ. ಅಪ್ಪ ಅವ್ವ ದಾರಿಯಲ್ಲಿ ಸತ್ತ ಮಗುವಿಗೆ ಕುಲ ಯಾವುದು, ಬೆಡಗು ಯಾವುದು, ಮನೆದೇವರು ಯಾವುದು? ಕೇಳಿದರೆ ಹೇಳೋರಿಲ್ಲ. ಯೋಹಾನ, ಯಾಕೋಬ, ಸಮುವೇಲ ಅಂತ ಹೆಸರಿಟ್ಟರು. ಇಂಥವರಿಗೆ ಸಭೆ ಒಂದು ಮತವಾಗಿರಲಿಲ್ಲ, ನೆಂಟಸ್ತನವಾಗಿತ್ತು. ಮದುವೆಗೆ ಹೆಣ್ಣು ನೋಡುವವರು, ಹೆರಿಗೆಗೆ ಬಿಸಿನೀರು ಕಾಯಿಸುವವರು, ಸತ್ತರೆ ಹೊರುವವರು ಎಲ್ಲಾ ಅಲ್ಲೇ ಸಿಗಬೇಕು. ಸಭೆ ಬಿಟ್ಟರೆ ಅವರಿಗೆ ಹಿಂದಿರುಗಿ ಹೋಗೋಕೆ ಹಟ್ಟಿಯೇ ಇರಲಿಲ್ಲ. ಹೊಟ್ಟೆಗಾಗಿ ಜಾತಿ ಕೆಟ್ಟವರು ಅಂತ ಮೂದಲಿಸೋರು ಆ ಕಾಲದಲ್ಲೂ ಇದ್ದರು, ಈಗಲೂ ಇದ್ದಾರೆ. ಹೊಟ್ಟೆ ತುಂಬಿದವರ ಮಾತಿದು. ಬರದಲ್ಲಿ ಕಣಜದ ಬಾಗಿಲು ಹಾಕಿಕೊಂಡ ಧರ್ಮಕ್ಕೆ ಗಂಜಿ ಕೊಟ್ಟ ಧರ್ಮವನ್ನು ಆಡಿಕೊಳ್ಳುವ ಹಕ್ಕು ಎಲ್ಲಿಂದ ಬಂತು?

ಹಳ್ಳಿಗಳಲ್ಲಿ ಹೀಗಲ್ಲ. ಅಲ್ಲಿ ಹಟ್ಟಿ ಇತ್ತು, ನೆಂಟರಿದ್ದರು, ಕುಲವಿತ್ತು, ಅದರಿಂದಲೇ ಉಳಿಯೋದು ಕಷ್ಟವಾಯಿತು. ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ನಮ್ಮವರಿಗೆ ಊರಿನ ಜೊತೆ ಇದ್ದ ಸಂಬಂಧ ಚಾಕರಿಯದು. ಮಾರಿಹಬ್ಬದಲ್ಲಿ ತಮಟೆ ಬಡಿಯೋದು, ಸತ್ತ ದನ ಎತ್ತೋದು, ಸಾವಿನ ಸುದ್ದಿ ಹೊತ್ತು ಹತ್ತಾರು ಮೈಲಿ ಓಡೋದು, ತೋಟಿ ತಳವಾರಿಕೆ ಮಾಡೋದು. ಇದಕ್ಕೆ ಪ್ರತಿಯಾಗಿ ಸುಗ್ಗಿಯಲ್ಲಿ ಕಣದ ಅಂಚಿನಲ್ಲಿ ನಿಂತರೆ ಮೊರದಲ್ಲಿ ಆಯ ಸುರಿಯುತ್ತಿದ್ದರು. ತೋಟಿ ಇನಾಂ ಅಂತ ಅಂಗೈ ಅಗಲದ ಜಮೀನು. ಸಭೆ ಸೇರಿದವನು ಏನು ಬಿಡಬೇಕು? ಮಾರಿಯ ಮುಂದೆ ತಮಟೆ ಬಡಿಯೋದನ್ನು ಬಿಡಬೇಕು. ಅಂದರೆ ಹಬ್ಬ ಬಿಟ್ಟ. ಹಬ್ಬ ಬಿಟ್ಟವನಿಗೆ ಆಯ ಇಲ್ಲ. ಆಯ ಇಲ್ಲದವನಿಗೆ ಆಷಾಢದಲ್ಲಿ ಹಿಟ್ಟಿಲ್ಲ. ದೇವರು ಬದಲಾಯಿಸೋದು ಅಂತ ಹೊರಗಿನವರಿಗೆ ಕಂಡದ್ದು ನಮ್ಮವನಿಗೆ ವರ್ಷದ ರಾಗಿಯ ಪ್ರಶ್ನೆ. ಮಿಷನ್ನು ಶಾಲೆ ಕೊಡಬಹುದಿತ್ತು, ಔಷಧಿ ಕೊಡಬಹುದಿತ್ತು. ಪ್ರತಿ ಮನೆಗೂ ಆಯ ಕೊಡೋದಕ್ಕೆ ಅದರಿಂದಾಗುತ್ತಿರಲಿಲ್ಲ. ಗ್ರಾಮ ಹುದ್ದೆಗಳನ್ನು ರದ್ದು ಮಾಡುವ ಕಾಯ್ದೆ ಬಂದದ್ದು 1961ರಲ್ಲಿ. ಕಾಯ್ದೆಗಿಂತ ಮೊದಲೇ, ಕಾಯ್ದೆಯ ಬಲವಿಲ್ಲದೇ ತಮಟೆ ಕೆಳಗಿಟ್ಟವರಿದ್ದರು ಅನ್ನೋದನ್ನು ದಲಿತ ಚಳವಳಿಯ ಚರಿತ್ರೆ ಬರೆಯುವವರು ಲೆಕ್ಕಕ್ಕೆ ಇಟ್ಟುಕೊಳ್ಳಬೇಕು. 1970ರ ದಶಕದಲ್ಲಿ ದಲಿತ ಸಂಘರ್ಷ ಸಮಿತಿ ಹುಟ್ಟಿ ಅದೇ ಮಾತನ್ನು ಬೀದಿಯಲ್ಲಿ ಹೇಳಿತು. ಇವರು ಹಾಡುತ್ತಾ ಹೇಳಿದ್ದರು, ಯಾರಿಗೂ ಕೇಳಿಸಲಿಲ್ಲ.

ಕುಣಿಗಲ್ ಅಂದರೆ ಜನಪದ ಹಾಡಿನ ಕೆರೆ, ಕುದುರೆ ಫಾರಂ. ಅಲ್ಲಿಂದ ತುಮಕೂರಿಗೆ ಇಪ್ಪತ್ತು ಮೈಲಿಗೂ ಹೆಚ್ಚು. ಮೆಥಡಿಸ್ಟರು ಸರ್ಕೀಟು ಅನ್ನುತ್ತಿದ್ದರಲ್ಲ, ಅಂದರೆ ಒಬ್ಬ ಅಯ್ನೋರು ಹತ್ತಾರು ಊರು ಸುತ್ತಬೇಕು. (ಪಾದ್ರಿಯನ್ನು ನಮ್ಮ ಕಡೆ ಅಯ್ನೋರು ಅಂತಲೇ ಕರೆಯೋದು. ಜಂಗಮರಿಗೂ ಅದೇ ಮಾತು. ದೇವರು ಬದಲಾದರೂ ಅಯ್ನೋರು ಬದಲಾಗಲಿಲ್ಲ ಅಂತ ನಗೆಯಾಡೋರಿದ್ದಾರೆ.) ಎತ್ತಿನ ಗಾಡಿಯಲ್ಲೋ ಕುದುರೆಯ ಮೇಲೋ ಅಯ್ನೋರು ಯಾವಾಗಲೋ ಒಮ್ಮೆ ಬರ್ತಾರೆ, ಕರ್ತನ ಭೋಜನ ಕೊಟ್ಟು ಹೋಗ್ತಾರೆ. ಉಳಿದ ದಿನ ಸಭೆ ನಡೆಸುವವರು ಯಾರು? ಉಪದೇಶಿ. ಅವನೇ ಮೇಷ್ಟ್ರು, ಅವನೇ ಅರ್ಜಿ ಬರೆದು ಕೊಡುವವನು, ರಾತ್ರಿ ಲಾಟೀನು ಹಚ್ಚಿ ದೊಡ್ಡವರಿಗೆ ಅ ಆ ತಿದ್ದಿಸುವವನೂ ಅವನೇ. 1831ರಲ್ಲಿ ಬಳ್ಳಾರಿಯಿಂದ ಇಡೀ ಸತ್ಯವೇದ ಕನ್ನಡದಲ್ಲಿ ಬಂದಿತ್ತು. ವೇದ ಕೇಳಿದವನ ಕಿವಿಗೆ ಸೀಸ ಹುಯ್ಯಬೇಕು ಅಂದ ದೇಶದಲ್ಲಿ ನಮ್ಮವರ ಕೈಗೆ ಒಂದು ವೇದ ಬಂತು, ಅದೂ ಓದು ಅಂತ ಬಂತು. ಕೈಗೆ ಬಂದದ್ದನ್ನು ಓದಿಸಿದವನು ಉಪದೇಶಿ. ಅವನ ಸಂಬಳ ಬಿಳಿಯ ಅಯ್ನೋರ ಸಂಬಳದ ಪಕ್ಕದಲ್ಲಿಟ್ಟರೆ ಕಾಣಿಸೋದೇ ಇಲ್ಲ.

ಅವನಿಗಿಂತಲೂ ಕಾಣದವರು ಹೆಂಗಸರು. ಬೈಬಲ್ ವುಮನ್ ಅಂತ ಕರೆಯುತ್ತಿದ್ದ ಹೆಂಗಸರು ಮನೆಮನೆ ತಿರುಗಿ ಓದಿ ಹೇಳುತ್ತಿದ್ದರು. ಇನ್ನು ಹೆಸರೂ ಇಲ್ಲದ ಅವ್ವಂದಿರು. ಭಾನುವಾರಕ್ಕೆ ನೆಲ ಸಾರಿಸಿದವರು, ದೀಪದ ಗಾಜು ಒರೆಸಿದವರು, ಅಡುಗೆಗೆ ರಾಗಿಯೋ ಅಕ್ಕಿಯೋ ತೆಗೆಯುವಾಗ ಒಂದು ಹಿಡಿ ಬೇರೆ ಗಡಿಗೆಯಲ್ಲಿ ಹಾಕಿ ಸಭೆಗೆ ಕೂಡಿಟ್ಟವರು. ತಾನು ಅರೆಹೊಟ್ಟೆ ಇದ್ದವಳು ಕೊಟ್ಟ ಹಿಡಿ ಅದು. ಲಂಡನ್ನಿನ ಪೌಂಡು ಲೆಕ್ಕದ ಪುಸ್ತಕದಲ್ಲಿದೆ, ಈ ಹಿಡಿ ಯಾವ ಪುಸ್ತಕದಲ್ಲೂ ಇಲ್ಲ.

ಸಭೆಯ ಒಳಗೆ ಜಾತಿ ಸತ್ತಿತೇ? ಇಲ್ಲ. ಸುಳ್ಳು ಯಾಕೆ ಹೇಳಬೇಕು. ದಕ್ಷಿಣದ ಚರ್ಚುಗಳಲ್ಲಿ ಬೇರೆ ಬೇರೆ ಕೂರಿಸೋದು, ಮೇಲ್ಜಾತಿಯವರು ಮೊದಲು ಬಟ್ಟಲು ಮುಟ್ಟಬೇಕು ಅನ್ನೋದು ಎಷ್ಟು ಬೆಳೆದಿತ್ತು ಅಂದರೆ, 1833ರಲ್ಲಿ ಕಲ್ಕತ್ತದ ಬಿಷಪ್ ಡೇನಿಯಲ್ ವಿಲ್ಸನ್ ಅದನ್ನು ನಿಲ್ಲಿಸಿ ಅಂತ ಪತ್ರ ಬರೆಯಬೇಕಾಯಿತು. ನಮ್ಮ ಸೀಮೆಯಲ್ಲೂ ಮದುವೆ ಮಾತು ಬಂದಾಗ ‘ಅವರು ಯಾವ ಕಡೆಯವರು’ ಅಂತ ಪಿಸುಮಾತಿನಲ್ಲಿ ಕೇಳೋದು ಇನ್ನೂ ನಿಂತಿಲ್ಲ. ಹೊಲೆಯರ ಸಭೆ ಮಾದಿಗರ ಸಭೆ ಅಂತ ಬೋರ್ಡು ಹಾಕಿರಲ್ಲ, ಆದರೆ ಕೇರಿ ಬಲ್ಲವರಿಗೆ ಗೊತ್ತಾಗ್ತದೆ. ಬಾಬಾಸಾಹೇಬರು ಕ್ರೈಸ್ತರಾದ ಅಸ್ಪೃಶ್ಯರ ಬಗ್ಗೆ ಬರೆದಿಟ್ಟ ಪ್ರಬಂಧಗಳು ಅವರು ತೀರಿಕೊಂಡ ಎಷ್ಟೋ ವರ್ಷಗಳ ಮೇಲೆ, 1989ರಲ್ಲಿ ಅಚ್ಚಾದವು. ಮತ ಬದಲಾದರೂ ಜಾತಿ ಹಿಂದೆ ಬಂತು, ಸಭೆಗೆ ಹೋದವನು ತನ್ನ ಹಕ್ಕಿಗಾಗಿ ಬೀದಿಗೆ ಬರೋದನ್ನು ಮರೆತ ಅನ್ನೋದು ಅವರ ದೂರು. ಆ ದೂರಿಗೆ ಸಭೆಗಳು ಇವತ್ತಿಗೂ ಸರಿಯಾದ ಉತ್ತರ ಕೊಟ್ಟಿಲ್ಲ. ಚೌಡಯ್ಯನ ಮಗ ಸಭೆಯಲ್ಲಿ ಹಾಡು ಕಲಿತ, ಸಂಘ ಕಟ್ಟೋದನ್ನು ಕಲಿಯಲಿಲ್ಲ ಅನ್ನೋದು ನಮ್ಮ ಸಿಟ್ಟೂ ಹೌದು.

ಆದರೂ ಒಂದು ಸಂಗತಿ ಹೇಳಬೇಕು. 1947ರ ಸೆಪ್ಟೆಂಬರ್ 27ರಂದು ಮದ್ರಾಸಿನಲ್ಲಿ ದಕ್ಷಿಣ ಭಾರತ ಸಭೆ, ಅಂದರೆ ಸಿಎಸ್‌ಐ, ಹುಟ್ಟಿತು. ಮೆಥಡಿಸ್ಟರು, ಆಂಗ್ಲಿಕನ್ನರು, ಇನ್ನಿತರರು ಕೂಡಿದರು. ಮೈಸೂರಿನ ಮೊದಲ ಬಿಷಪ್ ಪಿ. ಗುರುಶಾಂತ, ನಮ್ಮ ನಾಡಿನವರು. ಅವರ ನಂತರ 1951ರಲ್ಲಿ ಬಂದ ನಾರ್ಮನ್ ಸಾರ್ಜೆಂಟ್ ಬಿಳಿಯರು. 1950ರಲ್ಲಿ ಹೊಸ ಸಭೆ ತನ್ನದೇ ಆರಾಧನಾ ಕ್ರಮವೊಂದನ್ನು ತಂದಿತು. ಅದರಲ್ಲಿ ಕೇರಳದ ಸಿರಿಯನ್ನರಿಂದ ತೆಗೆದುಕೊಂಡ ಒಂದು ರೂಢಿ ಇದೆ. ಕರ್ತನ ಭೋಜನದ ಮೊದಲು ಅಯ್ನೋರು ‘ಸಮಾಧಾನ’ವನ್ನು ಕೈಯಿಂದ ಕೈಗೆ ದಾಟಿಸ್ತಾರೆ. ಮುಂದಿನವರ ಎರಡೂ ಕೈ ಹಿಡಿಯಬೇಕು, ಅವರು ಹಿಂದಿನವರ ಕೈ ಹಿಡಿಯಬೇಕು, ಕಡೆಯ ಸಾಲಿನವರೆಗೆ ಹೀಗೇ. ಬೇರೆ ದೇಶದವರಿಗೆ ಇದು ಒಂದು ಚೆಂದದ ಆಚರಣೆ ಇರಬಹುದು. ಅಂಗಡಿಯಲ್ಲಿ ಚಿಲ್ಲರೆಯನ್ನು ಕೈಗೆ ಕೊಡದೆ ಮೇಲಿಂದ ಉದುರಿಸಿಕೊಂಡವರಿಗೆ, ಅಂಗೈಗೆ ನೀರು ಹುಯ್ಯಿಸಿಕೊಂಡು ಕುಡಿದವರಿಗೆ, ವಾರದಲ್ಲಿ ಒಂದು ಗಳಿಗೆ ಯಾರೋ ಎರಡೂ ಕೈ ಹಿಡಿದುಕೊಳ್ಳೋದು ಅಂದರೆ ಏನು ಅಂತ ನಾವು ಬಲ್ಲೆವು. ಜನ ಯಾಕೆ ಉಳಿದರು ಅಂತ ಕೇಳೋರಿಗೆ ನಾವು ಮೊದಲು ತೋರಿಸೋದು ಇದನ್ನೇ. ಈಚೆಗೆ ಕೆಲವು ಕಡೆ ಬರೀ ಕೈಮುಗಿದು ಬಿಡ್ತಾರೆ. ಬೇಡ, ಕೈ ಹಿಡಿಯಿರಿ.

ಬಿಳಿಯರು ಒಬ್ಬೊಬ್ಬರಾಗಿ ಹೋದ ಮೇಲೆ ಸಭೆ ತನ್ನ ಕಾಲ ಮೇಲೆ ನಿಲ್ಲಬೇಕಾಯಿತು. ಸುಗ್ಗಿ ಹಬ್ಬ ನೋಡಿದವರಿಗೆ ಅದು ಹೇಗೆ ನಿಂತಿತು ಅಂತ ತಿಳೀತದೆ. ರಾಗಿ, ಅವರೆಕಾಯಿ, ಕುಂಬಳಕಾಯಿ, ತೆಂಗಿನಕಾಯಿ, ಕಾಲು ಕಟ್ಟಿದ ಹುಂಜ ಎಲ್ಲವನ್ನೂ ತಂದು ಮುಂದೆ ಇಡ್ತಾರೆ. ಆರಾಧನೆ ಮುಗಿದ ಮೇಲೆ ಹರಾಜು. ಒಂದು ತೆಂಗಿನಕಾಯಿಯನ್ನು ಅದರ ಬೆಲೆಯ ಹತ್ತು ಪಾಲು ಕೂಗಿ ಕೊಳ್ಳೋರು, ಕೊಂಡದ್ದನ್ನು ಮತ್ತೆ ಹರಾಜಿಗೇ ಬಿಡೋರು. ನಗು, ಕೇಕೆ, ಚುಡಾಯಿಸೋದು. ಕಣದ ಅಂಚಿನಲ್ಲಿ ಮೊರ ಒಡ್ಡಿ ನಿಂತವರ ಮೊಮ್ಮಕ್ಕಳು ಇಲ್ಲಿ ಕೊಡುವವರಾಗಿ ನಿಂತಿದ್ದಾರೆ.

ಇನ್ನು ಸರಕಾರದ ಮಾತು. ಮಿಷನ್ನು ಟಿಕೆಟ್ಟಿನಲ್ಲಿ ಎಣಿಸಿತು ಅಂದೆವು. ಅದಕ್ಕಿಂತ ಕ್ರೂರವಾದ ಎಣಿಕೆ 1950ರ ಆಗಸ್ಟ್ 10ರಂದು ಶುರುವಾಯಿತು. ರಾಷ್ಟ್ರಪತಿಗಳ ಪರಿಶಿಷ್ಟ ಜಾತಿ ಆದೇಶದ ಮೂರನೆಯ ಕಂಡಿಕೆ, ಹಿಂದೂ ಅಲ್ಲದವನು ಪರಿಶಿಷ್ಟ ಜಾತಿಯವನಲ್ಲ ಅಂದಿತು. 1956ರಲ್ಲಿ ಸಿಖ್ಖರನ್ನು ಸೇರಿಸಿದರು, 1990ರಲ್ಲಿ ಬೌದ್ಧರನ್ನು ಸೇರಿಸಿದರು. ಕ್ರೈಸ್ತರೂ ಮುಸಲ್ಮಾನರೂ ಹೊರಗೇ ಉಳಿದರು. 1985ರಲ್ಲಿ ಸೂಸೈ ಅನ್ನೋ ಚಪ್ಪಲಿ ಹೊಲಿಯುವ ಆದಿ ದ್ರಾವಿಡ ಕ್ರೈಸ್ತನ ಮೊಕದ್ದಮೆಯಲ್ಲಿ, ಮತ ಬದಲಾದ ಮೇಲೂ ಅದೇ ಮಟ್ಟದ ಕಷ್ಟ ಇದೆ ಅನ್ನೋದಕ್ಕೆ ಸಾಕಷ್ಟು ಪುರಾವೆ ಇಲ್ಲ ಅಂತ ಸುಪ್ರೀಂ ಕೋರ್ಟು ಹೇಳಿತು. ರಸ್ತೆ ಬದಿ ಕೂತು ಚಪ್ಪಲಿ ಹೊಲಿಯುವವನಿಂದ ಇನ್ನೆಂಥ ಪುರಾವೆ ಬೇಕಿತ್ತೋ. 2007ರಲ್ಲಿ ರಂಗನಾಥ ಮಿಶ್ರಾ ಆಯೋಗ ಆ ಕಂಡಿಕೆಯನ್ನೇ ತೆಗೆದುಹಾಕಿ ಅಂತ ಶಿಫಾರಸು ಮಾಡಿತು. ತೆಗೆಯಲಿಲ್ಲ. ಕರ್ನಾಟಕದಲ್ಲಿ ಪರಿಶಿಷ್ಟ ಜ���ತಿಯಿಂದ ಕ್ರೈಸ್ತರಾದವರನ್ನು ಹಿಂದುಳಿದ ವರ್ಗದ ಪ್ರವರ್ಗ 1ಕ್ಕೆ ಸೇರಿಸಿದ್ದಾರೆ. ಇಡೀ ಪ್ರವರ್ಗಕ್ಕೆ ಶೇಕಡಾ 4. ಮೀಸಲು ಕ್ಷೇತ್ರ ಇಲ್ಲ, ದೌರ್ಜನ್ಯ ತಡೆ ಕಾಯ್ದೆಯ ರಕ್ಷಣೆ ಇಲ್ಲ. ಹೊಡೆಯುವವನು ಮಾತ್ರ ಹೊಡೆಯುವ ಮೊದಲು ದೀಕ್ಷಾಸ್ನಾನದ ಸರ್ಟಿಫಿಕೇಟು ಕೇಳೋದಿಲ್ಲ.

2024ರ ನವೆಂಬರ್ 26, ಸಂವಿಧಾನ ದಿನ. ಪುದುಚೇರಿಯ ಸೆಲ್ವರಾಣಿ ಅನ್ನುವವರ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು ಅವರಿಗೆ ಪರಿಶಿಷ್ಟ ಜಾತಿಯ ಸರ್ಟಿಫಿಕೇಟು ಕೊಡೋದಕ್ಕಾಗದು ಅಂತ ತೀರ್ಪು ಕೊಟ್ಟಿತು. ತೀರ್ಪಿಗೆ ಆಧಾರವಾದ ಮಾತುಗಳಲ್ಲಿ ಒಂದು, ಅವರು ಕ್ರಮವಾಗಿ ಚರ್ಚಿಗೆ ಹೋಗ್ತಾರೆ ಅನ್ನೋದು. ಸಂಗಾತಿಗಳೇ, ಈ ಮಾತನ್ನು ಎರಡು ಸಲ ಓದಿ. ಹಿಂದೆ ಕ್ರಮವಾಗಿ ಬರದವನ ಹೆಸರನ್ನು ಮಿಷನ್ನು ಪಟ್ಟಿಯಿಂದ ತೆಗೆಯುತ್ತಿತ್ತು. ಈಗ ಕ್ರಮವಾಗಿ ಹೋಗುವವನ ಹೆಸರನ್ನು ಸರಕಾರ ಪಟ್ಟಿಯಿಂದ ತೆಗೀತದೆ. 2025ರ ಸೆಪ್ಟೆಂಬರಿನಲ್ಲಿ ನಮ್ಮ ರಾಜ್ಯದ ಸಾಮಾಜಿಕ ಶೈಕ್ಷಣಿಕ ಸಮೀಕ್ಷೆಗೆ ಮಾಡಿದ ಪಟ್ಟಿಯಲ್ಲಿ ಜಾತಿಯ ಹೆಸರಿನ ಜೊತೆ ಕ್ರಿಶ್ಚಿಯನ್ ಅಂತ ಸೇರಿಸಿದ ಹೆಸರುಗಳಿದ್ದವು. ಗದ್ದಲ ಎದ್ದಿತು, ಆಯೋಗ ಅಂಥ 33 ಹೆಸರುಗಳನ್ನು ಮರೆಮಾಡಿತು. ಮನುಷ್ಯರು ಮರೆಯಾಗಲಿಲ್ಲ, ಕಾಲಮ್ಮು ಮರೆಯಾಯಿತು.

ಇದರಿಂದ ಸಭೆಗಳಲ್ಲಿ ಏನಾಗಿದೆ ಅಂತ ಬಲ್ಲವರು ಬಲ್ಲರು. ಭಾನುವಾರ ಬರ್ತಾರೆ, ಹಾಡ್ತಾರೆ, ಕಾಣಿಕೆ ಹಾಕ್ತಾರೆ. ಸದಸ್ಯರ ಪುಸ್ತಕಕ್ಕೆ ಹೆಸರು ಬರೆಸೋದಿಲ್ಲ. ಮಗನಿಗೆ ಹಾಸ್ಟೆಲ್ ಸೀಟು ಬೇಕು, ಮಗಳಿಗೆ ಸ್ಕಾಲರ್‌ಶಿಪ್ ಬೇಕು. ಇವರನ್ನು ಕಳ್ಳರು ಅನ್ನುವವರಿಗೆ ನಾವು ಕೇಳೋದಿಷ್ಟೆ: ಒಂದೇ ಹಟ್ಟಿಯ ಅಣ್ಣ ತಮ್ಮಂದಿರಲ್ಲಿ ಒಬ್ಬ ಬುದ್ಧನ ಮುಂದೆ ಕೂತರೆ ಪರಿಶಿಷ್ಟ, ಇನ್ನೊಬ್ಬ ಯೇಸುವಿನ ಮುಂದೆ ಕೂತರೆ ಅಲ್ಲ ಅನ್ನೋ ಕಾನೂನು ಮಾಡಿದವರನ್ನು ಏನಂತ ಕರೀತೀರಿ? ಸಭೆಯ ಹಿರಿಯರಲ್ಲೂ ಕೆಲವರು ಹೆಸರು ಬರೆಸದವನನ್ನು ಅರೆಭಕ್ತ ಅಂತ ಕೀಳಾಗಿ ನೋಡೋದುಂಟು. ಅವರ ಅಜ್ಜಂದಿರೂ ಒಂದು ಕಾಲದಲ್ಲಿ ಪರೀಕ್ಷೆಯ ಕಾಲಮ್ಮಿನಲ್ಲೇ ಇದ್ದರು.

2022ರ ಅಕ್ಟೋಬರಿನಲ್ಲಿ ಕೇಂದ್ರ ಸರಕಾರ ನ್ಯಾಯಮೂರ್ತಿ ಕೆ.ಜಿ. ಬಾಲಕೃಷ್ಣನ್ ಅವರ ನೇತೃತ್ವದಲ್ಲಿ ಇದೇ ಪ್ರಶ್ನೆಗೆ ಇನ್ನೊಂದು ಆಯೋಗ ಮಾಡಿತು. ಎರಡು ವರ್ಷದ ಅವಧಿ ಕೊಟ್ಟು, ಆಮೇಲೆ ಅದನ್ನು ಮುಂದಕ್ಕೆ ಹಾಕಿತು. ಇಂಥ ಆಯೋಗದವರು ಯಾರೇ ಆಗಲಿ, ತುಮಕೂರು ಸೀಮೆಗೆ ಬಂದರೆ ದೇವಾಲಯದ ರಿಜಿಸ್ಟರು ತೆಗೆಸಿ ಯಾರು ಎಷ್ಟು ಭಾನುವಾರ ಬಂದರು ಅಂತ ನೋಡೋದು ಬೇಡ. ಹಳ್ಳಿಯ ಹೋಟೆಲಿನಲ್ಲಿ ಈ ಜನಕ್ಕೆ ಯಾವ ಲೋಟದಲ್ಲಿ ಟೀ ಕೊಡ್ತಾರೆ ನೋಡಲಿ. ಇವರ ಮನೆ ಊರೊಳಗಿದೆಯೋ ಕೇರಿಯಲ್ಲಿದೆಯೋ ನೋಡಲಿ. ಬಾಡಿಗೆಗೆ ಮನೆ ಕೇಳಿದಾಗ ತುಮಕೂರು ಪೇಟೆಯಲ್ಲಿ ಇವರಿಗೆ ಏನು ಉತ್ತರ ಸಿಗ್ತದೆ ಕೇಳಲಿ. ಸತ್ತಾಗ ಎಲ್ಲಿ ಹೂಳ್ತಾರೆ, ಗುಂಡಿ ತೋಡೋರು ಯಾರು, ಅದನ್ನೂ ನೋಡಲಿ. ಸದಸ್ಯರ ಪುಸ್ತಕದಲ್ಲಿ ಹೆಸರಿಲ್ಲದ ಎಷ್ಟೋ ಜನ ಆ ಗುಂಡಿಯ ಹತ್ತಿರ ಗುದ್ದಲಿ ಹಿಡಿದು ನಿಂತಿರ್ತಾರೆ.